ದೊಡ್ಡ ಟಚ್‌ಸ್ಕ್ರೀನ್ ಕೊಳ್ಳುವ ಮುನ್ನ ನೆಲದಿಂದ ಎತ್ತರ ಅಳೆಯಿರಿ

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಟಚ್‌ಸ್ಕ್ರೀನ್ ಬೋರ್ಡ್ ಕೊಡಿಸಬೇಕೆಂದಿದ್ದೇವೆ. ಅಂಗಡಿಯವರು 86 ಇಂಚಿನದನ್ನೇ ಕೊಳ್ಳಿ ಎನ್ನುತ್ತಾರೆ. ಕೊಠಡಿಯ ಉದ್ದ 20 ಅಡಿ. ಐದನೆಯ ತರಗತಿಯಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗಿಯೂ ದೃಷ್ಟಿ ಮಂದವಿರುವ ಒಬ್ಬ ಹುಡುಗನೂ ಇದ್ದಾರೆ. ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು?
— ಎಸ್‌ಡಿಎಂಸಿ ಸದಸ್ಯರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ ಇಬ್ಬರು ಮಕ್ಕಳನ್ನು ನೀವು ಪ್ರಶ್ನೆಯಲ್ಲೇ ನೆನೆದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ನಿಮ್ಮ ತೀರ್ಮಾನ ಅವರಿಂದಲೇ ಶುರುವಾಗಲಿ.

ಚಿತ್ರದ ಎತ್ತರದ ಆರು ಪಟ್ಟು ದೂರದವರೆಗೆ ಬರಹವನ್ನು ಆರಾಮವಾಗಿ ಓದಬಹುದೆಂಬುದು ಈ ಕಸುಬಿನವರ ಲೆಕ್ಕ. ಪರದೆಯ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು; 75 ಇಂಚಿನ ಪರದೆಯ ಎತ್ತರ ಸುಮಾರು 37 ಇಂಚು ಇರುವುದರಿಂದ ಅದು 18 ಅಡಿಯವರೆಗೆ ಸಾಕಾಗುತ್ತದೆ; 20 ಅಡಿಯ ಕೊಠಡಿಯಲ್ಲಿ ಕೊನೆಯ ಬೆಂಚು ಬೋರ್ಡಿನಿಂದ ಅದಕ್ಕಿಂತ ದೂರವಿರುವುದು ಅಪರೂಪ. ಆದರೆ ಕನ್ನಡಕ್ಕೆ ಈ ಲೆಕ್ಕವೊಂದೇ ಸಾಲದು, ಏಕೆಂದರೆ ನಮ್ಮ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತವೆ. ಅಂಗಡಿಯಲ್ಲೇ ಪರದೆಯ ಮೇಲೆ 'ರಾಷ್ಟ್ರ', 'ಸ್ವಾತಂತ್ರ್ಯ', 'ಲಕ್ಷ್ಮಿ' ಎಂದು ಪಾಠದ ಅಕ್ಷರದ ಗಾತ್ರದಲ್ಲಿ ಬರೆಸಿ, 18 ಅಡಿ ಹಿಂದೆ ನಿಂತು ಓದಿ. ಒತ್ತುಗಳು ಬಿಡಿಬಿಡಿಯಾಗಿ ಕಂಡರೆ 75 ಇಂಚು ಧಾರಾಳವಾಯಿತು. ಉಳಿದ ಹಣ ಸ್ಟ್ಯಾಂಡಿಗೆ ಮತ್ತು ಯುಪಿಎಸ್‌ಗೆ ಹೋಗಲಿ.

ಈಗ ಎತ್ತರದ ವಿಚಾರಕ್ಕೆ ಬರೋಣ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಗಾಲಿಕುರ್ಚಿಯಲ್ಲಿ ಕುಳಿತಾಗ ಕೈಗೆಟುಕುವ ಗರಿಷ್ಠ ಎತ್ತರ ನೆಲದಿಂದ 44 ಇಂಚು ಎಂದು ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆಯ (ಎಡಿಎ) ಮಾನದಂಡದ ಸಲಹೆ ಹೇಳುತ್ತದೆ. ಕಪ್ಪು ಹಲಗೆಯ ಅಭ್ಯಾಸದಂತೆ ಪರದೆಯ ಕೆಳ ಅಂಚನ್ನು ಮೂರಡಿಗೆ ಕೂರಿಸಿದರೆ ಆ ಹುಡುಗಿಯ ಪಾಲಿಗೆ ಸಿಗುವುದು ಕೆಳಗಿನ 8 ಇಂಚು ಮಾತ್ರ. ಅದನ್ನೇ ಎರಡಡಿಗೆ ಇಳಿಸಿದರೆ 20 ಇಂಚು, ಅಂದರೆ ಅರ್ಧಕ್ಕಿಂತ ಹೆಚ್ಚು ಪರದೆ ಅವಳ ಕೈಗೆ ಸಿಗುತ್ತದೆ, ಮೇಲಂಚು ಐದಡಿಯ ಆಸುಪಾಸಿನಲ್ಲಿದ್ದು ಮೇಷ್ಟ್ರಿಗೂ ತೊಂದರೆಯಾಗುವುದಿಲ್ಲ. ಇದರಿಂದ ಒಂದು ನಷ್ಟವೂ ಇದೆ: ಮುಂದೆ ಕುಳಿತವರ ತಲೆ ಅಡ್ಡ ಬಂದು ಹಿಂದಿನವರಿಗೆ ಪರದೆಯ ಕೆಳಭಾಗ ಮರೆಯಾಗುತ್ತದೆ. ಆದ್ದರಿಂದ ಓದಬೇಕಾದ ಬರಹವನ್ನು ಮೇಲರ್ಧದಲ್ಲಿಯೂ ಮಕ್ಕಳು ಬಂದು ಬಿಡಿಸಬೇಕಾದ ಲೆಕ್ಕವನ್ನು ಕೆಳಗರ್ಧದಲ್ಲಿಯೂ ಇಡುವ ರೂಢಿ ಮಾಡಿಕೊಳ್ಳಲು ಶಿಕ್ಷಕರಿಗೆ ಹೇಳಿ. ಇಡೀ ಚಿತ್ರವನ್ನು ಒಂದು ಗುಂಡಿ ಒತ್ತಿ ಕೆಳಗಿಳಿಸುವ ಸೌಲಭ್ಯ ಹಲವು ಪರದೆಗಳಲ್ಲಿದೆ. ಅದನ್ನು ಮಾಡಿ ತೋರಿಸಿ ಎಂದು ಅಂಗಡಿಯವರನ್ನು ಕೇಳಿ. 75 ಇಂಚಿನ ಪರದೆ ಸುಮಾರು 50 ಕಿಲೋ ತೂಗುತ್ತದೆ. ಹಳೆಯ ಮಣ್ಣಿನ ಗೋಡೆಯಾದರೆ ಅದಕ್ಕೆ ತೂಗುಹಾಕಲೇಬೇಡಿ, ಚಕ್ರಕ್ಕೆ ಬಿಗಿಯಾದ ಲಾಕ್ ಇರುವ ಸ್ಟ್ಯಾಂಡ್ ತೆಗೆದುಕೊಳ್ಳಿ.

ಶಾಲೆಗಳಿಗೆ ಬರುವ ಬಹುಪಾಲು ಪರದೆಗಳು ಸ್ಪರ್ಶವನ್ನು ಗುರುತಿಸುವುದು ಇನ್‌ಫ್ರಾರೆಡ್ ಕಿರಣಗಳಿಂದ. ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಕಿರಣಗಳು ಹರಿಯುತ್ತಿದ್ದು, ಯಾವ ವಸ್ತು ಅವನ್ನು ತಡೆದರೂ ಅದು ಬೆರಳೆಂದೇ ಲೆಕ್ಕ. ಬೆರಳಿನಿಂದ ಒತ್ತಲಾಗದ ಮಗು ಮರದ ಕಡ್ಡಿಯಿಂದಲೋ ಕೃತಕ ಕೈಯಿಂದಲೋ ಮುಟ್ಟಿದರೂ ಇದು ಕೆಲಸ ಮಾಡುತ್ತದೆ. ಮೊಬೈಲಿನಲ್ಲಿರುವಂಥ ಕೆಪ್ಯಾಸಿಟಿವ್ ಪರದೆಗೆ ಮರದ ಕಡ್ಡಿ ಗೊತ್ತೇ ಆಗುವುದಿಲ್ಲ. ಆದರೆ ಇನ್‌ಫ್ರಾರೆಡ್ ಪರದೆಯಲ್ಲಿ ಶಿಕ್ಷಕಿಯ ಸೆರಗು ತಗುಲಿದರೂ, ಕೈ ನಡುಗುವ ಮಗು ಮುಂಗೈ ಊರಿದರೂ ಅಡ್ಡಗೆರೆ ಬೀಳುತ್ತದೆ. ನಾನು ಕಂಡ ಒಂದು ಶಾಲೆಯಲ್ಲಿ ಎಳೆದ ಗೆರೆ ತಾನಾಗಿ ಮೂಲೆಗೆ ಓಡುತ್ತಿತ್ತು. ನೋಡಿದರೆ ಪಕ್ಕದ ಕಪ್ಪು ಹಲಗೆಯ ಸೀಮೆಸುಣ್ಣದ ಪುಡಿ ಚೌಕಟ್ಟಿನ ಕೆಳ ಅಂಚಿನಲ್ಲಿ ಕೆನೆಗಟ್ಟಿದಂತೆ ಕೂತಿತ್ತು. ಮೆದುವಾದ ಬ್ರಷ್ಷಿನಿಂದ ಒರೆಸಿದ ಮೇಲೆ ಸರಿಹೋಯಿತು. ನಿಮ್ಮ ಕಡೆ ಮಳೆಗಾಲದ ಹಾತೆಗಳೂ ಇದೇ ಕಾಟ ಕೊಡುತ್ತವೆ. ಗುಡುಗು ಶುರುವಾದೊಡನೆ ಪ್ಲಗ್ ಕೀಳುವ ಹೊಣೆಯನ್ನು ಒಬ್ಬರಿಗೆ ವಹಿಸಿ.

ದೃಷ್ಟಿ ಮಂದವಿರುವ ಹುಡುಗನಿಗೆ ಪರದೆಯನ್ನು ಇನ್ನೂ ದೊಡ್ಡದು ಮಾಡಿದರೆ ಪ್ರಯೋಜನ ಕಡಿಮೆ. ಬೋರ್ಡಿನ ಚಿತ್ರವೇ ಅವನ ಕೈಯಲ್ಲಿರುವ ಟ್ಯಾಬ್‌ನಲ್ಲಿ ಮೂಡುವಂತಿದ್ದರೆ ಕಣ್ಣಿನ ಹತ್ತಿರ ಹಿಡಿದು, ಬೇಕಾದಷ್ಟು ಹಿಗ್ಗಿಸಿ ನೋಡುತ್ತಾನೆ. ಕಿಟಕಿಯ ಎದುರು ಪರದೆ ಇಡಬೇಡಿ. ಗಾಜಿನ ಮೇಲಿನ ಹೊಳಪು ಎಲ್ಲರಿಗಿಂತ ಮೊದಲು ಕುಕ್ಕುವುದು ಅವನ ಕಣ್ಣನ್ನೇ.

ಶಿಕ್ಷಕರು ಹಿಂದೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪಾಠಗಳು ಆಂಡ್ರಾಯ್ಡ್ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಅವನ್ನು ಮೊದಲೇ ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಕಚೇರಿಯ ಸಭಾಕೊಠಡಿಗೆ ಟಚ್‌ಸ್ಕ್ರೀನ್ ತರಿಸುತ್ತಿದ್ದೇವೆ. ಐದು ವರ್ಷದ ವಾರಂಟಿ ಇದೆ. ಅಷ್ಟು ಸಾಕಲ್ಲವೇ?
— ಓದುಗರು, ಹುಬ್ಬಳ್ಳಿ

ಉತ್ತರ: ವಾರಂಟಿ ಗಾಜಿಗೂ ಬಿಡಿಭಾಗಕ್ಕೂ ಸಿಗುತ್ತದೆ, ತಂತ್ರಾಂಶದ ಆಯುಸ್ಸಿಗಲ್ಲ. ಗೂಗಲ್ 2017ರಲ್ಲಿ ಮಾರಾಟಕ್ಕೆ ತಂದ 55 ಇಂಚಿನ ಟಚ್‌ಸ್ಕ್ರೀನ್ ಬೋರ್ಡಾದ ಜಾಮ್‌ಬೋರ್ಡ್‌ಗೆ 2024ರ ಸೆಪ್ಟೆಂಬರಿನಲ್ಲಿ ಅಪ್‌ಡೇಟ್ ನಿಂತಿತು, ಆ ವರ್ಷದ ಡಿಸೆಂಬರ್ 31ಕ್ಕೆ ಅದರ ಆ್ಯಪ್ ಕೂಡ ಮುಚ್ಚಿತು. ಪರದೆಗೆ ಏನೂ ಆಗದಿದ್ದರೂ ಅದನ್ನು ಕೊಂಡ ಉದ್ದೇಶ ಅಲ್ಲಿಗೆ ಮುಗಿಯಿತು. ಆದ್ದರಿಂದ ಒಳಗಿನ ಕಂಪ್ಯೂಟರನ್ನು ಬೇರೆಯಾಗಿ ಕಳಚಿ ಬದಲಿಸಲು ಬರುವ ಓಪಿಎಸ್ ಸ್ಲಾಟ್ ಇರುವ ಪರದೆಯನ್ನೇ ಆರಿಸಿ, ಬೋರ್ಡಿನ ಮೇಲೆ ಬರೆದದ್ದು ಯಾವ ಖಾತೆಯೂ ಇಲ್ಲದೆ ಪಿಡಿಎಫ್ ಆಗಿ ಪೆನ್‌ಡ್ರೈವ್‌ಗೆ ಉಳಿಯುತ್ತದೆಯೇ ನೋಡಿ. ಹಣ ಕೊಡುವ ಮುನ್ನ ನಿಮ್ಮದೇ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಮತ್ತು ಯುಎಸ್‌ಬಿ ಕೇಬಲ್‌ಗಳಿಂದ ಜೋಡಿಸಿ, ಪರದೆಯನ್ನು ಬೆರಳಿನಿಂದ ಮುಟ್ಟಿದಾಗ ಲ್ಯಾಪ್‌ಟಾಪ್ ಸ್ಪಂದಿಸುವುದನ್ನು ಕಣ್ಣಾರೆ ಕಂಡ ಮೇಲೆಯೇ ಆರ್ಡರ್ ಕೊಡಿ.