07 ಆದಮೇಲಿನ ಅಂಕಿ: ಬ್ರಿಟನ್ನಿಗೆ ಬರುವವರಿಗೆ ಪ್ರೀಪೇಯ್ಡ್ ಸಿಮ್ ಬಗ್ಗೆ

ಸೆಪ್ಟೆಂಬರಿನಲ್ಲಿ ಲೀಡ್ಸ್‌ಗೆ ಓದಲು ಬರುತ್ತಿದ್ದೀರಿ, ಮೂರು ಪ್ರಶ್ನೆ ಕೇಳಿದ್ದೀರಿ: ಯಾವ ಪ್ರೀಪೇಯ್ಡ್ ಸಿಮ್ ತಗೊಳ್ಳಲಿ, 074ರಿಂದ ಶುರುವಾಗುವ ಮೊಬೈಲ್ ನಂಬರ್ 077ರದ್ದಕ್ಕಿಂತ ಕಳಪೆಯಾ, ಊರಿನ ನಂಬರ್ ಏನು ಮಾಡಲಿ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಇಲ್ಲಿ ಸ್ವಂತ ನೆಟ್‌ವರ್ಕ್ ಇರುವ ಹೆಸರು ನಾಲ್ಕೇ: ಇಇ, ಓ2, ವೊಡಾಫೋನ್, ಥ್ರೀ. ಕೊನೆಯ ಎರಡು ಕಂಪನಿ 2025ರ ಮೇ ಕೊನೆಗೆ ಒಂದಾದವು. ಉಳಿದವರು ಇವರಿಂದ ಸಗಟಾಗಿ ಕೊಂಡು ಚಿಲ್ಲರೆ ಮಾರುವವರು. ಗಿಫ್‌ಗ್ಯಾಫ್, ಟೆಸ್ಕೊ ಮೊಬೈಲ್ ಓಡುವುದು ಓ2 ಮೇಲೆ, ಲೆಬಾರಾ, ವಾಕ್ಸಿ ವೊಡಾಫೋನ್ ಮೇಲೆ, ಸ್ಮಾರ್ಟಿ ಥ್ರೀ ಮೇಲೆ, ಲೈಕಾ ಈಗ ಇಇ ಮೇಲೆ. ರೂಮು ಗೊತ್ತಾದ ಮೇಲೆ ಇಲ್ಲಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್‌ನ ಕವರೇಜ್ ಪುಟದಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ. ಅಲ್ಲಿ ಯಾರ ಸಿಗ್ನಲ್ ಚೆನ್ನಾಗಿದೆಯೋ ಅವರ ಮೇಲೆ ಓಡುವ ಅಗ್ಗದ ಸಿಮ್ ಸಾಕು. ಒಂದು ಎಚ್ಚರ: 3ಜಿ ಮುಚ್ಚಿದೆ. ಊರಿನಿಂದ ತಂದ ಫೋನಿಗೆ ಇಲ್ಲಿನ ವೋಲ್ಟಿ (4ಜಿ ಮೇಲೆಯೇ ಕಾಲ್ ಸಾಗಿಸುವ ವ್ಯವಸ್ಥೆ) ಹೊಂದದಿದ್ದರೆ ಕಾಲ್ ಬಂದಾಗ ಫೋನು 2ಜಿಗೆ ಇಳಿಯುತ್ತದೆ, ಸ್ವಂತ 2ಜಿ ಇಲ್ಲದ ಥ್ರೀಯಲ್ಲಾದರೆ ಕಾಲೇ ಸಿಗದಿರಬಹುದು. ನಿಮ್ಮ ಮಾಡೆಲ್‌ಗೆ ವೋಲ್ಟಿ, ವೈಫೈ ಕಾಲಿಂಗ್ ಎರಡೂ ಕೊಡುತ್ತಾರಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ಹಳೇ ಕಲ್ಲಿನ ಮನೆಗಳೊಳಗೆ ವೈಫೈ ಕಾಲಿಂಗ್ ಇಲ್ಲದಿದ್ದರೆ ಕಿಟಕಿ ಪಕ್ಕ ನಿಂತೇ ಮಾತಾಡಬೇಕಾಗುತ್ತದೆ.

ಎರಡನೆಯದು. 07 ಆದಮೇಲಿನ ಅಂಕಿಗೆ ಮೇಲು ಕೀಳು ಇಲ್ಲ. ಆ ಸರಣಿ ಮೊದಲು ಯಾವ ಕಂಪನಿಗೆ ಹಂಚಿಕೆಯಾಗಿತ್ತು ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. 1999ರಿಂದಲೇ ನಂಬರ್ ಸಮೇತ ಕಂಪನಿ ಬದಲಿಸುವ ಸೌಲಭ್ಯ ಇರುವುದರಿಂದ ಈಗ ಆ ನಂಬರ್ ಯಾರ ಹತ್ತಿರ ಇದೆ ಅಂತ ನೋಡಿ ಹೇಳಲಾಗದು. ಆದರೆ 070 ನೋಡಿದರೆ ಹುಷಾರು. ಅದು ಮೊಬೈಲೇ ಅಲ್ಲ, ಕಾಲನ್ನು ಬೇರೆಲ್ಲಿಗೋ ತಿರುಗಿಸುವ ‘ಪರ್ಸನಲ್ ನಂಬರ್’. ನಿಮ್ಮ ಪ್ಯಾಕಿನ ಉಚಿತ ನಿಮಿಷಗಳಲ್ಲಿ ಅದು ಸೇರಿದೆ ಅಂದುಕೊಳ್ಳಬೇಡಿ. ಬಾಡಿಗೆ ಮನೆ ಜಾಹೀರಾತಿನಲ್ಲಿ 070 ಕಂಡರೆ ಕಾಲ್ ಮಾಡಲೇಬೇಡಿ. 076 ಪೇಜರಿನದು, 07624 ಮಾತ್ರ ಐಲ್ ಆಫ್ ಮ್ಯಾನ್‌ನ ಮೊಬೈಲ್. 07797 ಜರ್ಸಿ, 07781 ಗರ್ನ್ಸಿ, ಇವೂ ಬ್ರಿಟನ್ನಿಗೆ ಸೇರದ ಪಕ್ಕದ ದ್ವೀಪಗಳೇ: ನೋಡಲು ಇಲ್ಲಿನ ನಂಬರಿನಂತೆಯೇ ಇದ್ದರೂ ಕೆಲವು ಪ್ಯಾಕುಗಳಲ್ಲಿ ದುಡ್ಡು ಬೇರೆ ಕತ್ತರಿಸುತ್ತಾರೆ. ಮನೆಯವರಿಗೆ ನಂಬರ್ ಕೊಡುವಾಗ ಮುಂದಿನ ಸೊನ್ನೆ ಬಿಡಿಸಿ ಕೊಡಿ. 07700 900123 ಅನ್ನುವುದು ಊರಿನಿಂದ ಒತ್ತುವಾಗ +44 7700 900123.

ಸಿಮ್ಮಿಗೆ ಇಲ್ಲಿ ಆಧಾರ್ ಇಲ್ಲ, ಹೆಬ್ಬೆಟ್ಟಿಲ್ಲ, ಫೋಟೊ ಇಲ್ಲ. ಬಂದಿಳಿದ ದಿನ ನನಗೆ ಅದನ್ನು ನಂಬಲೇ ಆಗಿರಲಿಲ್ಲ. ಆದರೆ ಅದರ ಇನ್ನೊಂದು ಮುಖ ನೋಡಿ: ದಾಖಲೆ ಇಲ್ಲದ ನಂಬರು ನಿಮ್ಮದೇ ಅನ್ನುವುದಕ್ಕೆ ಸಾಕ್ಷಿಯೂ ಇರುವುದಿಲ್ಲ. ಸಿಮ್ ಕಳೆದರೆ ಬದಲಿ ಪಡೆಯುವುದು ಕಷ್ಟ. ಹಾಗಾಗಿ ಹಾಕಿದ ದಿನವೇ ಕಂಪನಿಯ ಆ್ಯಪಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರು, ಇಮೇಲ್ ಹಾಕಿ ನೋಂದಾಯಿಸಿ. ಊರಿನ ಕಾರ್ಡಿನಲ್ಲಿ ಟಾಪ್‌ಅಪ್ ಆಗದಿದ್ದರೆ ಗಾಬರಿ ಬೇಡ, ಬಿಲ್ಲಿಂಗ್ ವಿಳಾಸ ಹೊಂದದೆ ಹಾಗಾಗುತ್ತದೆ. ಪೇಪಾಯಿಂಟ್ ಬೋರ್ಡಿರುವ ಅಂಗಡಿಯಲ್ಲಿ ನಗದು ಕೊಟ್ಟು ವೋಚರ್ ತಗೊಳ್ಳಿ.

ಕಂಪನಿ ಬದಲಿಸುವಾಗ ಹೊಸಬರು ಎಡವುವುದು ಒಂದೇ ಅಂಕಿಯಲ್ಲಿ. ಹಳೇ ಸಿಮ್ಮಿನಿಂದ ಪಿಎಸಿ ಅನ್ನುವ ಮೂರು ಇಂಗ್ಲಿಷ್ ಅಕ್ಷರ 65075ಕ್ಕೆ ಕಳಿಸಿದರೆ ಕೋಡ್ ಬರುತ್ತದೆ. ಪುಕ್ಕಟೆ, 30 ದಿನ ನಡೆಯುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ನಂಬರ್ ಬರುತ್ತದೆ, ಹಳೆಯದು ತಾನೇ ಬಂದ್ ಆಗುತ್ತದೆ. 75075 ಇದೆಯಲ್ಲ, ಅದು ‘ನಂಬರ್ ಬೇಡ, ಸಂಪರ್ಕ ಮುಗಿಸಿ’ ಅನ್ನುವವರಿಗೆ. ಅಲ್ಲಿಂದ ಬರುವ ಕೋಡ್ ಕೊಟ್ಟರೆ ನಂಬರ್ ಹೋಯಿತು ಅಂತಲೇ ಲೆಕ್ಕ. ಹಳೆಯದನ್ನು ಮೊದಲೇ ಕ್ಯಾನ್ಸಲ್ ಮಾಡಿಸುವುದೂ ಅದೇ ತಪ್ಪು. ಬ್ಯಾಲೆನ್ಸ್ ಜತೆಗೆ ಬರುವುದಿಲ್ಲ, ಮೊದಲು ಖರ್ಚು ಮಾಡಿ. ನಂಬರ್ ಸಾಗುವ ದಿನ ಕೆಲವು ಗಂಟೆ ಮೆಸೇಜು ತಪ್ಪಬಹುದು, ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬೇಡಿ.

ಬಳಸದೆ ಬಿಟ್ಟರೂ ನಂಬರ್ ಸಾಯುತ್ತದೆ. ಗಿಫ್‌ಗ್ಯಾಫ್‌ನಲ್ಲಿ ಗಡುವು 6 ತಿಂಗಳು, ಬೇರೆಯವರದು ಬೇರೆ. ರಜೆಗೆ ಊರಿಗೆ ಹೋಗುವ ಮುಂಚೆ ನಿಮ್ಮ ಕಂಪನಿಯ ಷರತ್ತು ಓದಿ. ಬಂದ ಮೆಸೇಜನ್ನು ಬಳಕೆ ಅಂತ ಎಲ್ಲರೂ ಎಣಿಸುವುದಿಲ್ಲ, ನೀವೇ ಒಂದು ಮೆಸೇಜ್ ಕಳಿಸಿ.

ಇನ್ನು ಊರಿನ ನಂಬರು. ಮೂರರಲ್ಲಿ ನೀವು ಕೊನೆಗೆ ಕೇಳಿದ ಇದನ್ನೇ ಮೊದಲು ಮಾಡಿ. ‘ಇನ್ನೇನು, ವಾಟ್ಸಾಪ್ ಇದೆಯಲ್ಲ’ ಅಂತ ರೀಚಾರ್ಜ್ ಬಿಡುತ್ತೇವೆ. 90 ದಿನ ಬಳಕೆಯಿಲ್ಲದಿದ್ದರೆ ಸಂಪರ್ಕ ಕಡಿಯಬಹುದು, ಆಮೇಲೆ ಅದು ಬೇರೆಯವರ ಪಾಲಾಗುತ್ತದೆ. ಆಧಾರ್, ಪ್ಯಾನ್, ಬ್ಯಾಂಕಿನ ಓಟಿಪಿ ಎಲ್ಲ ಅದಕ್ಕೇ ಹೋಗುತ್ತಿರುತ್ತದೆ. ಆಧಾರಿನ ನಂಬರ್ ಬದಲಿಸಲು ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾಗಿ ಬರಬಹುದು, ಅಂದರೆ ವಿಮಾನದ ಟಿಕೆಟ್. ನನ್ನದು ಹೀಗೇ ಹೋಯಿತು. ಅಮ್ಮನಿಗೆ ಬಾಯಿಪಾಠವಿದ್ದ ನಂಬರ್ ಅದೊಂದೇ. ಎಷ್ಟು ವರ್ಷವಾದರೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ.

ಹೊರಡುವ ಮುಂಚೆ ಅಂಗಡಿಗೆ ಹೋಗಿ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ, ಇಲ್ಲಿಳಿದ ಮೇಲೆ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಕಾಲ್ ಎತ್ತಿದರೆ ಬೀಳುತ್ತದೆ. ಎರಡು ಸಿಮ್ ಹಾಕುವ ಫೋನಿನಲ್ಲಿ ಊರಿನದನ್ನು ಎರಡನೇ ಗೂಡಿನಲ್ಲಿಡಿ. ಕಡಿಮೆ ದುಡ್ಡಿನ, ಹೆಚ್ಚು ದಿನದ ವ್ಯಾಲಿಡಿಟಿ ಪ್ಯಾಕ್ ಹಾಕಿಸಿ, ಮುಗಿಯುವ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಬನ್ನಿ. ಮನೆಯಲ್ಲಿ ಯಾರಾದರೂ ನೋಡುತ್ತಿರುತ್ತಾರೆ.