ಸಣ್ಣ ಕ್ರಿಪ್ಟೊ ನಾಣ್ಯದ ಬೆಲೆ ಕೃತಕವಾಗಿ ಏರುತ್ತಿದೆಯೇ ಎಂದು ಗುರುತಿಸುವುದು ಹೇಗೆ?

ಬೆಲೆಗಿಂತ ಮೊದಲು ವಹಿವಾಟಿನ ಪ್ರಮಾಣವನ್ನು ಅನುಮಾನಿಸಬೇಕು, ಏಕೆಂದರೆ ಸಣ್ಣ ನಾಣ್ಯಗಳಲ್ಲಿ ಅತಿ ಸುಲಭವಾಗಿ ಸೃಷ್ಟಿಸಬಹುದಾದದ್ದು ಅದೇ. ಒಬ್ಬನೇ ತನ್ನ ಹಲವು ಖಾತೆಗಳ ನಡುವೆ ಕೊಂಡು ಮಾರುತ್ತಿದ್ದರೆ ಮಾಲೀಕ ಬದಲಾಗುವುದಿಲ್ಲ, ಆದರೂ ಪರದೆಯ ಮೇಲೆ ಭಾರಿ ಬೇಡಿಕೆ ಇರುವಂತೆ ಕಾಣುತ್ತದೆ. ಇದನ್ನೇ ವಾಷ್ ಟ್ರೇಡಿಂಗ್ ಎನ್ನುತ್ತಾರೆ. ಇದು ಬರಿಯ ಊಹೆಯಲ್ಲ. ಇಂಥ ಸುಳ್ಳು ವಹಿವಾಟನ್ನು ಸೇವೆಯಾಗಿ ಮಾರುತ್ತಿದ್ದವರನ್ನು ಹಿಡಿಯಲು ಅಮೆರಿಕದ ಎಫ್‌ಬಿಐ ನೆಕ್ಸ್‌ಫಂಡ್‌ಎಐ ಎಂಬ ಟೋಕನ್ನನ್ನೇ ಸೃಷ್ಟಿಸಿತ್ತು. 2024ರ ಅಕ್ಟೋಬರ್‌ನಲ್ಲಿ ಒಟ್ಟು 18 ವ್ಯಕ್ತಿಗಳು ಮತ್ತು ಸಂಸ್ಥೆಗಳ ಮೇಲಿನ ಆರೋಪಗಳು ಬಹಿರಂಗವಾದವು.

ಹಾಗಾಗಿ ಆರ್ಡರ್ ಬುಕ್, ಅಂದರೆ ವಿನಿಮಯ ಕೇಂದ್ರದಲ್ಲಿ ಬಾಕಿ ಇರುವ ಖರೀದಿ ಮತ್ತು ಮಾರಾಟದ ಆರ್ಡರ್‌ಗಳ ಪಟ್ಟಿಯನ್ನು ತೆರೆದು ನೋಡಿ. ದಿನದ ವಹಿವಾಟು 50 ಲಕ್ಷ ಡಾಲರ್ ಎಂದು ತೋರಿಸುತ್ತಿದ್ದು, ಕೇವಲ ಎರಡು ಸಾವಿರ ಡಾಲರ್‌ನಷ್ಟು ಮಾರಿದರೂ ಬೆಲೆ ಶೇ. 5ರಷ್ಟು ಕುಸಿಯುವಷ್ಟು ಖರೀದಿ ಆರ್ಡರ್‌ಗಳು ತೆಳುವಾಗಿದ್ದರೆ, ಆ ಎರಡು ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಹಗಲಿರುಳೂ ಸಮ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಗಾತ್ರದ ವಹಿವಾಟುಗಳು ಸಾಲಾಗಿ ಬರುತ್ತಿದ್ದರೆ ಅವುಗಳ ಹಿಂದೆ ಬಾಟ್ (ತಾನಾಗಿಯೇ ವಹಿವಾಟು ನಡೆಸುವ ತಂತ್ರಾಂಶ) ಇರುವ ಸಾಧ್ಯತೆ ಹೆಚ್ಚು, ಆದರೆ ಸದಾ ಕೊಳ್ಳುವ, ಮಾರುವ ಆರ್ಡರ್‌ಗಳನ್ನಿಟ್ಟು ವಹಿವಾಟು ಸುಗಮಗೊಳಿಸುವ ಪ್ರಾಮಾಣಿಕ ಮಾರ್ಕೆಟ್ ಮೇಕರ್‌ಗಳೂ ಬಾಟ್ ಬಳಸುವುದರಿಂದ ಈ ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬಾರದು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಬಲವಾದ ಸುಳಿವು, ಬ್ಲಾಕ್‌ಚೈನ್‌ನಲ್ಲಿ ದಾಖಲಾದ ವರ್ಗಾವಣೆಗಳನ್ನು ತೋರಿಸುವ ಜಾಲತಾಣವಾದ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಸಿಗುತ್ತದೆ. ವಿನಿಮಯ ಕೇಂದ್ರಗಳ ಮತ್ತು ವಹಿವಾಟಿಗಾಗಿ ನಾಣ್ಯಗಳನ್ನು ಕೂಡಿಟ್ಟ ಲಿಕ್ವಿಡಿಟಿ ಪೂಲ್‌ನ ವಿಳಾಸಗಳನ್ನು ಬಿಟ್ಟು ದೊಡ್ಡ ಹಿಡುವಳಿದಾರರ ಪಟ್ಟಿಯನ್ನು ಪರಿಶೀಲಿಸಿದಾಗ, ಹತ್ತಾರು ವ್ಯಾಲೆಟ್‌ಗಳಿಗೆ ಮೊದಲ ಹಣ ಒಂದೇ ವಿಳಾಸದಿಂದ, ಅದೂ ಕೆಲವೇ ನಿಮಿಷಗಳ ಅಂತರದಲ್ಲಿ ಬಂದಿದ್ದರೆ, ಆ ಹತ್ತಾರು ಮಂದಿ ಬಹುಶಃ ಒಬ್ಬರೇ. ಟೆಲಿಗ್ರಾಂನಲ್ಲಿ ಪ್ರಚಾರ ಶುರುವಾಗುವ ಮುನ್ನವೇ ಆ ವ್ಯಾಲೆಟ್‌ಗಳು ತುಂಬಿ, ಪ್ರಚಾರ ಜೋರಾದಾಗ ಖಾಲಿಯಾಗುತ್ತಿದ್ದರೆ ದಯವಿಟ್ಟು ಅದನ್ನು ಕೊಳ್ಳಬೇಡಿ.