ಕನ್ಸಲ್ಟೆಂಟ್ ಆಗಿದ್ದವರು ಇಲ್ಲಿ ಕ್ಲಿನಿಕಲ್ ಫೆಲೋ ಆದರೆ

ಎಂ.ಡಿ. ಮುಗಿಸಿ ಹುಬ್ಬಳ್ಳಿಯಲ್ಲಿ ಎರಡು ವರ್ಷ ಕನ್ಸಲ್ಟೆಂಟ್ ಫಿಸಿಶಿಯನ್ ಆಗಿದ್ದ ನಿಮಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರಿಂದ ‘ಕ್ಲಿನಿಕಲ್ ಫೆಲೋ’ ಹುದ್ದೆಯ ಪತ್ರ ಬಂದಿದೆ. ಇದನ್ನು ಹಿಂಬಡ್ತಿಯೆಂದು ತಿಳಿಯಬೇಕೇ ಎಂದು ಕೇಳಿದ್ದೀರಿ. ಹದಿನಾರು ವರ್ಷಗಳ ಹಿಂದೆ ನನ್ನನ್ನೂ ಕಾಡಿದ ಪ್ರಶ್ನೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಎಂಬ ಸ್ನಾತಕೋತ್ತರ ಅರ್ಹತೆ ಪಡೆದ ಕೂಡಲೇ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಕನ್ಸಲ್ಟೆಂಟ್ ಎಂಬ ಫಲಕ ಬೀಳುತ್ತದೆ. ಇಲ್ಲಿ ಇಂಗ್ಲೆಂಡಿನಲ್ಲಿ ಅದು ಏಣಿಯ ಕೊನೆಯ ಮೆಟ್ಟಿಲು. ವೈದ್ಯಕೀಯ ಪದವಿಯ ನಂತರ ಎರಡು ವರ್ಷ ಫೌಂಡೇಶನ್ ಎಂಬ ಆರಂಭಿಕ ತರಬೇತಿ, ಆಮೇಲೆ ಮೆಡಿಸಿನ್ ವಿಭಾಗದಲ್ಲಾದರೆ ಸುಮಾರು ಏಳು ವರ್ಷ ತರಬೇತಿ, ಇವೆಲ್ಲ ಮುಗಿದು ವೈದ್ಯರನ್ನು ನೋಂದಾಯಿಸುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ತಜ್ಞರ ಪಟ್ಟಿಗೆ ಹೆಸರು ಸೇರಿದ ಮೇಲೆಯೇ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕಾಯಂ ಕನ್ಸಲ್ಟೆಂಟ್ ಹುದ್ದೆ ಸಿಗುತ್ತದೆ.

ಅದರ ಕೆಳಗಿನ ಹಂತ ರಿಜಿಸ್ಟ್ರಾರ್. ನಮ್ಮ ಕಡೆ ಆ ಶಬ್ದ ಕೇಳಿದರೆ ಜಮೀನು ನೋಂದಣಿಯ ಕಚೇರಿಯೇ ನೆನಪಾಗುತ್ತದೆ; ನಮ್ಮ ತಾಯಿಯವರೂ ಬಹುಕಾಲ ಹಾಗೆಯೇ ತಿಳಿದಿದ್ದರು. ಇಲ್ಲಿ ರಾತ್ರಿ ಎರಡು ಗಂಟೆಗೆ ಹೃದಯ ನಿಂತ ರೋಗಿಯ ಸುತ್ತ ಓಡಿ ಬಂದು ನಿಂತ ತಂಡಕ್ಕೆ ಏನು ಮಾಡಬೇಕೆಂದು ಹೇಳುವವರು ಸಾಮಾನ್ಯವಾಗಿ ಮೆಡಿಕಲ್ ರಿಜಿಸ್ಟ್ರಾರ್. ಕನ್ಸಲ್ಟೆಂಟ್ ಆಗ ಮನೆಯಿಂದ ಫೋನಿನಲ್ಲಿ ಸಿಗುತ್ತಾರೆ. ಅದಕ್ಕೂ ಕೆಳಗಿನವರನ್ನು, ಹಳೆಯ ಹೆಸರು ದಾಖಲೆಗಳಿಂದ ಹೋಗಿ ವರ್ಷಗಳಾಗಿದ್ದರೂ, ನರ್ಸ್‌ಗಳು ಇಂದಿಗೂ ಎಸ್‌ಎಚ್‌ಒ (ಸೀನಿಯರ್ ಹೌಸ್ ಆಫೀಸರ್) ಎಂದೇ ಕರೆಯುತ್ತಾರೆ. ಕನ್ಸಲ್ಟೆಂಟ್ ಆಗದೆ ತರಬೇತಿಯಲ್ಲಿರುವ ಎಲ್ಲರನ್ನೂ ‘ಜೂನಿಯರ್ ಡಾಕ್ಟರ್’ ಎನ್ನುತ್ತಿದ್ದ ರೂಢಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಬದಲಿಸಿ ‘ರೆಸಿಡೆಂಟ್ ಡಾಕ್ಟರ್’ ಎಂದು ಮಾಡಲಾಯಿತು. ಹತ್ತು ವರ್ಷ ದುಡಿದವರನ್ನು ಜೂನಿಯರ್ ಎನ್ನುವುದು ಅನ್ಯಾಯವೇ ಆಗಿತ್ತೆಂದು ನನ್ನ ಅಭಿಪ್ರಾಯ. ಶಸ್ತ್ರಚಿಕಿತ್ಸಕರನ್ನು ಡಾಕ್ಟರ್ ಎನ್ನದೆ ಮಿಸ್ಟರ್ ಅಥವಾ ಮಿಸ್ ಎನ್ನುವುದು, ಅವರು ವಿಶ್ವವಿದ್ಯಾಲಯದ ಪದವಿಯಿಲ್ಲದೆ ಕ್ಷೌರಿಕರ ಸಂಘದಲ್ಲಿದ್ದು ಕೆಲಸ ಕಲಿಯುತ್ತಿದ್ದ ಕಾಲದಿಂದ ಬಂದದ್ದು. ಅದರಲ್ಲಿ ಅಗೌರವವೇನೂ ಇಲ್ಲ.

ಕ್ಲಿನಿಕಲ್ ಫೆಲೋ ಎಂಬ ಹೆಸರಿಗೆ ಮಾತ್ರ ಇಂಥ ನಿಶ್ಚಿತ ಸ್ಥಾನವಿಲ್ಲ. ಅದು ಸಾಮಾನ್ಯವಾಗಿ ತರಬೇತಿಯ ಸರಣಿಗೆ ಹೊರಗಿನ ಹುದ್ದೆ. ಒಂದು ಆಸ್ಪತ್ರೆಯಲ್ಲಿ ಅದು ಎಸ್‌ಎಚ್‌ಒ ಕೆಲಸ, ಇನ್ನೊಂದರಲ್ಲಿ ರಿಜಿಸ್ಟ್ರಾರ್ ಕೆಲಸ. ನಾನು ಮೊದಲು ಸೇರಿದ ಆಸ್ಪತ್ರೆಯಲ್ಲಿ ನನಗೆ ಎಜುಕೇಶನಲ್ ಸೂಪರ್‌ವೈಸರ್, ಅಂದರೆ ಕಲಿಕೆಯನ್ನು ನೋಡಿಕೊಳ್ಳುವ ಹಿರಿಯ ವೈದ್ಯರು ಇರಲಿಲ್ಲ, ಮಾಡಿದ ಕೆಲಸಕ್ಕೆ ಸಹಿ ಹಾಕಿಸಿಕೊಳ್ಳಬೇಕೆಂದು ಹೇಳುವವರೂ ಇರಲಿಲ್ಲ. ಎರಡು ವರ್ಷದ ರಾತ್ರಿ ಪಾಳಿಗಳು ಯಾವ ಲೆಕ್ಕಕ್ಕೂ ಬರಲಿಲ್ಲ. ಇಂದು ಅನುಭವದ ದಾಖಲೆಗಳನ್ನು ಒಪ್ಪಿಸಿ ತಜ್ಞರ ಪಟ್ಟಿಗೆ ಸೇರುವ ‘ಪೋರ್ಟ್‌ಫೋಲಿಯೊ ಪಾತ್‌ವೇ’ ಇರುವುದರಿಂದ ಆ ಸಹಿಗಳ ಬೆಲೆ ಇನ್ನೂ ಹೆಚ್ಚು. ಆದ್ದರಿಂದ ಒಪ್ಪಿಗೆ ಪತ್ರ ಕಳಿಸುವ ಮೊದಲು ರಾತ್ರಿಯ ರೋಟಾದಲ್ಲಿ (ಪಾಳಿಯ ಪಟ್ಟಿಯಲ್ಲಿ) ನಿಮ್ಮ ಹೆಸರು ಯಾವ ಸಾಲಿನಲ್ಲಿರುತ್ತದೆ, ಸೂಪರ್‌ವೈಸರ್ ಯಾರು, ಸ್ಟಡಿ ಲೀವ್ ಎಷ್ಟು ದಿನ ಎಂಬುದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲಿಯೇ ಪಡೆದುಕೊಳ್ಳಿ.